ಬಡಗಿಯ ಮೇಜು ಮತ್ತು ಉಳಿತಾಯದ ವಿವೇಕ

ಕೈ ಬಿಗಿಯಾಗಿರುವಾಗ ಮನುಷ್ಯನು ಯಾವುದರಲ್ಲಿ ಉಳಿತಾಯ ಮಾಡಬಹುದು, ಯಾವುದರಲ್ಲಿ ಮಾಡಬಾರದು? ಈ ಪ್ರಶ್ನೆಯನ್ನು ಬಡಗಿಯ ಮೇಜೊಂದರ ನಿಮಿತ್ತದಿಂದ ತಮ್ಮ ಮುಂದಿಡಬಯಸುತ್ತೇನೆ.

ನಮ್ಮ ನಾಡಿನ ಬಡಗಿಗಳು ತಲೆತಲಾಂತರದಿಂದ ನೆಲದ ಮೇಲೆ ಕುಳಿತು, ಮರವನ್ನು ಪಾದಗಳಿಂದ ಒತ್ತಿಹಿಡಿದು ಕೆಲಸ ಮಾಡಿದವರು. ಮೇಜು ಬೇಕಾದದ್ದು ಮಂಡಿ ಮಡಿಸಲಾರದ ನನ್ನಂಥವನಿಗೆ. ತೇಗದ ಬೆಲೆ ಎಟುಕುವಂಥದಲ್ಲ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಅಗ್ಗವಾಗಿ ದೊರೆಯಿತು. 3 ಅಂಗುಲ ಅಗಲದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒಂದಕ್ಕೊಂದು ಅಂಟಿಸಿದರೆ, ಸಾಧಾರಣ ಮರವೂ ಉಜ್ಜುಗೊರಡಿನ ನೂಕಿಗೆ ಅಲುಗದ ದಪ್ಪನೆಯ ಮೇಲ್ಮೈಯಾಗುತ್ತದೆ. 6 ಅಡಿ ಉದ್ದ, 2 ಅಡಿ ಅಗಲ, 4 ಅಂಗುಲ ಚೌಕದ ಕಾಲುಗಳು. ತೋಳುಗಳನ್ನು ಇಳಿಬಿಟ್ಟು ನಿಂತಾಗ ಮುಷ್ಟಿಯ ಗೆಣ್ಣುಗಳು ತಾಗುವಷ್ಟು ಎತ್ತರ.

ಅಗ್ಗದ ಮರವನ್ನು ಕೊಂಡದ್ದು ತಪ್ಪಾಗಲಿಲ್ಲ. ಹಲಗೆ ಇನ್ನೂ ಹಸಿಯೆಂದು ಮಾರಿದವರೇ ಎಚ್ಚರಿಸಿದ್ದರು. ಮರವು ಒಣಗುವಾಗ ಉದ್ದದಲ್ಲಿ ಹೆಚ್ಚೇನೂ ಕುಗ್ಗದು. ಅಗಲದಲ್ಲಿ ಕುಗ್ಗುವುದು, ಅದೂ ಎಲ್ಲೆಡೆ ಸಮನಾಗಿ ಅಲ್ಲ. ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಿಸಬೇಕೆಂಬುದು ಮರಗೆಲಸದವರ ಸ್ಥೂಲ ಲೆಕ್ಕ. ನಾನು ಒಂದು ತಿಂಗಳೂ ತಾಳಲಿಲ್ಲ. ಬೇಸಿಗೆಯ ಹೊತ್ತಿಗೆ ಮೇಜಿನ ಒಂದು ಮೂಲೆ ಕಣ್ಣಿಗೆ ಬೀಳದಷ್ಟು ಮೇಲೆದ್ದಿತ್ತು.

ಆ ಮೇಜಿನ ಮೇಲೆ ನೆರೆಮನೆಯ ವೃದ್ಧೆಯೊಬ್ಬರಿಗೆ ಸ್ಟೂಲೊಂದನ್ನು ಮಾಡಿದೆ. ನಾಲ್ಕು ಕಾಲುಗಳನ್ನೂ ಮೇಜಿಗೆ ಸರಿಯಾಗಿ ಕೂರುವಂತೆ ಕೊಯ್ದೆ, ಬಂಡೆಯಂತೆ ನಿಂತಿತು. ಅವರ ಮನೆಯಲ್ಲಿಟ್ಟೊಡನೆ ಓಲಾಡಿತು. “ನೆಲ ಸಮನಾಗಿಲ್ಲಮ್ಮಾ” ಎಂದೆ. “ಇರಬಹುದಪ್ಪಾ, ಹಳೇ ಮನೆ” ಎಂದು ಅವರು ಒಪ್ಪಿಕೊಂಡರು. ಕೆಲವೇ ದಿನಗಳಲ್ಲಿ ಅದರ ಮೇಲಿಂದ ವಾಲಿ, ಗೋಡೆ ಹಿಡಿದು ಹೇಗೋ ಪಾರಾದರು.

ಅನಂತರವೇ ನಾನು ಪರೀಕ್ಷಿಸಿದ್ದು. ಮೇಜಿನ ಎರಡು ಕೊನೆಗಳಲ್ಲಿ ಎರಡು ನೇರ ಪಟ್ಟಿಗಳನ್ನು ಅಡ್ಡಲಾಗಿಟ್ಟು, ಕಣ್ಣನ್ನು ಅವುಗಳ ಮಟ್ಟಕ್ಕೆ ತಗ್ಗಿಸಿ ನೋಡಿದರೆ ಸಾಕು, ತಿರುಚು ತಾನಾಗಿ ಕಾಣುವುದು. ನನ್ನದು ಒಂದು ಭತ್ತದ ಕಾಳಿನಷ್ಟಿತ್ತು.

ತಾವೇ ವಿಚಾರಿಸಿರಿ. ಬಡಗಿಯ ಮೇಜನ್ನು ಯಾರೂ ಕೊಳ್ಳುವುದಿಲ್ಲ, ಅತಿಥಿಗಳು ಹೊಗಳುವುದಿಲ್ಲ. ಕಾಣದ ವಸ್ತುವಿನಲ್ಲಿ ಕೈ ಬಿಗಿಹಿಡಿಯುವುದು ಸಹಜವೆಂದು ತೋರುತ್ತದೆ. ಆದರೆ ಅದರ ಸೊಟ್ಟು ಅದರಲ್ಲಿಯೇ ನಿಲ್ಲುವುದಿಲ್ಲ. ಮೇಲಿಟ್ಟು ಅಳೆದುದಕ್ಕೆಲ್ಲ ಇಳಿಯುತ್ತದೆ. ಸೊಟ್ಟ ಮೇಜು ತನ್ನ ಯಜಮಾನನ ಮಾತಿಗೆ ಎಂದೂ ಎದುರಾಡದು ಎಂಬುದೇ ಇದರಲ್ಲಿನ ಅಪಾಯ. ತೇಗದ ಹೊಳಪನ್ನು ಬಿಟ್ಟುಕೊಟ್ಟ ನಷ್ಟ ನನ್ನದೇ ಆಗಿತ್ತು. ತಾಳ್ಮೆಯಲ್ಲಿ ಉಳಿಸಿದುದರ ನಷ್ಟವನ್ನು ಹೊತ್ತವರು ಆ ತಾಯಿ.

ಅಂದಿನ ಅನ್ನಕ್ಕಾಗಿ ಅಂದೇ ದುಡಿಯಬೇಕಾದವನು ವರ್ಷಗಟ್ಟಲೆ ಕಾಯಲಾದೀತೇ ಎಂದು ತಾವು ಕೇಳಬಹುದು. ನ್ಯಾಯವಾದ ಆಕ್ಷೇಪಣೆಯೇ. ಅವನು ಹಸಿ ಮರದಿಂದಲೇ ಕಟ್ಟಲಿ. ಆಗಾಗ್ಗೆ ಆ ಎರಡು ಪಟ್ಟಿಗಳನ್ನಿಟ್ಟು ನೋಡಿ, ಎದ್ದ ಮೂಲೆಯನ್ನು ಮತ್ತೆ ಉಜ್ಜಲಿ. ಅದಕ್ಕೆ ಕಾಸು ಬೇಡ, ತನ್ನ ಕೆಲಸವನ್ನು ಶಂಕಿಸುವ ಮನಸ್ಸು ಬೇಕು. ನನಗೆ ಅದು ಮರಕ್ಕಿಂತ ದುಬಾರಿಯಾಗಿತ್ತು.

ಸ್ಟೂಲಿನ ಕಾಲುಗಳನ್ನು ಆಮೇಲೆ ಅವರ ಮನೆಯ ನೆಲದ ಮೇಲೆಯೇ ಇಟ್ಟು ಸರಿಪಡಿಸಿದೆ. ನೆಲ ಮೊದಲಿನಿಂದಲೂ ಸಮನಾಗಿಯೇ ಇತ್ತೆಂದು ಅವರಿಗೆ ಹೇಳಿದ್ದೇನೆ.