ಕ್ಷಮೆಯ ನಂತರದ ಗುರುವಾರಗಳು

2006ರ ಅಕ್ಟೋಬರ್ 2, ಸೋಮವಾರ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿರುವ ನಿಕಲ್ ಮೈನ್ಸ್ ಎಂಬ ಊರಿನ ಒಂದೇ ಕೋಣೆಯ ಶಾಲೆಗೆ ಒಬ್ಬಾತ ಬಂದೂಕು ಹಿಡಿದು ನುಗ್ಗಿದ. ಅದು ಅಮಿಶ್ ಮಕ್ಕಳ ಶಾಲೆ. ಬಂದವನು ಅದೇ ಸೀಮೆಯ ಹೊಲಮನೆಗಳಿಂದ ಹಾಲು ತುಂಬಿಸಿಕೊಂಡು ಹೋಗುವ ಲಾರಿಯ ಚಾಲಕ, ಮೂರು ಮಕ್ಕಳ ತಂದೆ. ಗಂಡುಮಕ್ಕಳನ್ನು ಹೊರಗೆ ಕಳಿಸಿ, ಹತ್ತು ಹೆಣ್ಣುಮಕ್ಕಳನ್ನು ಮಾತ್ರ ಉಳಿಸಿಕೊಂಡು ಗುಂಡು ಹಾರಿಸಿದ. ಆರರಿಂದ ಹದಿಮೂರು ವರ್ಷದ ಮಕ್ಕಳು. ಐವರು ತೀರಿಕೊಂಡರು, ಐವರು ಗಾಯಗೊಂಡು ಉಳಿದರು. ಕೊನೆಗೆ ಅವನು ತನಗೂ ಗುಂಡು ಹೊಡೆದುಕೊಂಡ. ಒಂಬತ್ತು ವರ್ಷಗಳ ಹಿಂದೆ ಹುಟ್ಟಿದ ದಿನವೇ ಸತ್ತ ತನ್ನ ಮಗಳ ವಿಷಯದಲ್ಲಿ ದೇವರ ಮೇಲೆ ತನಗೆ ಸಿಟ್ಟಿದೆ ಎಂದು ಬರೆದಿಟ್ಟಿದ್ದ.

ಇಂಥ ಘಟನೆಗಳು ಅಲ್ಲಿ ಬಹಳ ನಡೆದಿವೆ. ಆದರೆ ಇದು ನೆನಪಿನಲ್ಲಿ ಉಳಿದದ್ದು ಬೇರೆ ಕಾರಣಕ್ಕೆ. ಅದೇ ದಿನ ಸಂಜೆಯ ಹೊತ್ತಿಗೆ ಅಮಿಶ್ ನೆರೆಹೊರೆಯವರು ಕೊಂದವನ ಹೆಂಡತಿಯನ್ನೂ ಅವನ ತಂದೆತಾಯಿಯನ್ನೂ ಹುಡುಕಿಕೊಂಡು ಹೋದರು. ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದರು. ಆ ಶನಿವಾರ ಅವನನ್ನು ಮಣ್ಣು ಮಾಡುವಾಗ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಮಿಶರೇ ಆಗಿದ್ದರು. ಹಿಂದಿನ ಒಂದೆರಡು ದಿನಗಳಲ್ಲಷ್ಟೇ ತಮ್ಮ ಮಗಳನ್ನು ಹೂತು ಬಂದ ತಂದೆತಾಯಿಯರೂ ಅಲ್ಲಿದ್ದರು. ಜಗತ್ತಿನ ನಾನಾ ಕಡೆಯಿಂದ ಹರಿದುಬಂದ ದೇಣಿಗೆಯಲ್ಲಿ ಅವನ ಹೆಂಡತಿ ಮಕ್ಕಳಿಗೂ ಪಾಲು ಸಿಕ್ಕಿತು.

ನೀತಿಶಾಸ್ತ್ರ ಓದುವ ವಿದ್ಯಾರ್ಥಿಯಾಗಿ ನನಗೆ ಮೊದಲು ಕಾಡಿದ ಪ್ರಶ್ನೆ ಅದರ ವೇಗದ್ದು. ಅಷ್ಟು ಬೇಗ ಹೇಗೆ? ಕ್ಷಮೆ ಎಂದರೆ ಕೋಪ ಇಳಿಯಬೇಕು, ದುಃಖ ಮಾಗಬೇಕು, ಆಮೇಲಷ್ಟೇ ಬರುವ ಮಾತು ಎಂದು ನಾವು ನಂಬುತ್ತೇವೆ. ಕೆಲವೇ ಗಂಟೆಗಳಲ್ಲಿ ಬಂದ ಕ್ಷಮೆ ಒಂದೋ ನಟನೆ, ಇಲ್ಲವೇ ಸತ್ತ ಮಗುವಿಗೆ ಮಾಡಿದ ದ್ರೋಹ ಎನಿಸುತ್ತದೆ. ಆಗ ಅಮೆರಿಕದ ಪತ್ರಿಕೆಗಳಲ್ಲಿ ಈ ಅನುಮಾನವೂ ಎದ್ದಿತ್ತು.

ಉತ್ತರಕ್ಕಾಗಿ ಅಮಿಶರ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಹದಿನಾರನೇ ಶತಮಾನದ ಯುರೋಪಿನಲ್ಲಿ ಹುಟ್ಟಿದ ಅನಾಬ್ಯಾಪ್ಟಿಸ್ಟ್ ಪಂಥದ ಒಂದು ಕವಲು ಇವರದು. ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಸೈನ್ಯಕ್ಕೆ ಸೇರುವುದಿಲ್ಲ, ಯಾರ ಮೇಲೂ ದಾವೆ ಹೂಡುವುದಿಲ್ಲ. ಇವರ ಮನೆಗಳಲ್ಲಿ ಬೈಬಲಿನ ಜೊತೆಗೆ ಇರುವ ಇನ್ನೊಂದು ದಪ್ಪ ಪುಸ್ತಕ 'ಮಾರ್ಟರ್ಸ್ ಮಿರರ್'. 1660ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ ಈ ಹುತಾತ್ಮರ ಚರಿತ್ರೆಯಲ್ಲಿ ಡಿರ್ಕ್ ವಿಲೆಮ್ಸ್ ಎಂಬವನ ಕಥೆ ಬರುತ್ತದೆ. ನಂಬಿಕೆಯ ಕಾರಣಕ್ಕೆ ಸೆರೆಯಲ್ಲಿದ್ದ ಈತ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಾನೆ. ಸೆರೆಯ ಕೂಳಿನಲ್ಲಿ ಸೊರಗಿದ್ದ ಅವನ ಮೈಯನ್ನು ಮಂಜು ತಡೆದುಕೊಳ್ಳುತ್ತದೆ. ಬೆನ್ನಟ್ಟಿ ಬಂದವನ ಭಾರಕ್ಕೆ ಒಡೆಯುತ್ತದೆ. ಡಿರ್ಕ್ ಹಿಂದಿರುಗಿ ಬಂದು, ಮುಳುಗುತ್ತಿದ್ದವನಿಗೆ ಕೈ ಕೊಟ್ಟು ಎತ್ತುತ್ತಾನೆ. ಅದರಿಂದಲೇ ಮತ್ತೆ ಸಿಕ್ಕಿಬೀಳುತ್ತಾನೆ. 1569ರಲ್ಲಿ ಅವನನ್ನು ಜೀವಂತ ಸುಟ್ಟರು.

ಈ ಕಥೆಯಲ್ಲಿ ಡಿರ್ಕ್‌ಗೆ ಆ ಕ್ಷಣ ಏನನ್ನಿಸಿತು ಎಂಬುದು ಮುಖ್ಯವೇ ಅಲ್ಲ. ಅವನು ಬೆನ್ನಟ್ಟಿದವನನ್ನು 'ಕ್ಷಮಿಸಿದ' ಎಂಬ ಮಾತು ಕೂಡ ಬೇಕಿಲ್ಲ. ತಿರುಗಿ ಬಂದ, ಕೈ ಚಾಚಿದ. ಇಂಥ ಕಥೆ ಕೇಳುತ್ತ ಬೆಳೆದವರಿಗೆ ಕ್ಷಮೆ ಭಾವನೆಗಿಂತ ಮೊದಲು ಒಂದು ನಡೆ. ನಿಕಲ್ ಮೈನ್ಸ್ ಕುರಿತು 'ಅಮಿಶ್ ಗ್ರೇಸ್' ಪುಸ್ತಕ ಬರೆದ ಡೊನಾಲ್ಡ್ ಕ್ರೇಬಿಲ್ ಮತ್ತು ಸಂಗಡಿಗರೂ ಇದನ್ನು ಗುರುತಿಸುತ್ತಾರೆ: ಸೇಡನ್ನು ಬಿಟ್ಟೆನೆಂಬ ತೀರ್ಮಾನ ಅಂದೇ ಆಗಬಹುದು, ಮನಸ್ಸು ಅದನ್ನು ಹಿಂಬಾಲಿಸಲು ವರ್ಷಗಳು ಬೇಕಾಗಬಹುದು. ಕರ್ತನ ಪ್ರಾರ್ಥನೆಯಲ್ಲಿ, ಮತ್ತಾಯನ ಗ್ರೀಕ್ ಪಾಠದ ಪ್ರಕಾರ, ಮನ್ನಿಸಬೇಕಾದದ್ದಕ್ಕೆ ಬಳಸಿರುವ ಪದದ ಅರ್ಥ 'ಸಾಲ'. ಸಾಲ ಮನ್ನಾ ಮಾಡಿದವನಿಗೆ ಅಂದು ರಾತ್ರಿ ನಿದ್ದೆ ಬಂದೇ ಬರುತ್ತದೆಂದು ಯಾರೂ ಹೇಳುವುದಿಲ್ಲ. ಹಣ ಹೋದದ್ದು ಹೋದಂತೆಯೇ. ಇನ್ನು ಕೇಳುವುದಿಲ್ಲ, ಅಷ್ಟೆ.

ಟಿವಿಯವರು ಆ ವಾರವೆಲ್ಲ ತೋರಿಸಿದ್ದು ಕ್ಷಮೆಯನ್ನು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಕ್ಯಾಮೆರಾಗಳು ಹೊರಟುಹೋದ ಮೇಲೆ ನಡೆಯಿತು. ಬದುಕಿ ಉಳಿದ ಐವರಲ್ಲಿ ಒಬ್ಬ ಹುಡುಗಿಗೆ ಆದ ಗಾಯ ಎಲ್ಲರಿಗಿಂತ ತೀವ್ರ. ಗಾಲಿಕುರ್ಚಿಯೇ ಗತಿಯಾಗಿತ್ತು, ಮಾತಿರಲಿಲ್ಲ, ಪ್ರತಿಯೊಂದಕ್ಕೂ ಇನ್ನೊಬ್ಬರ ಕೈ ಬೇಕಿತ್ತು. ಕೊಂದವನ ತಾಯಿ ಆ ಮನೆಯವರನ್ನು ಕೇಳಿಕೊಂಡಳು: ನಾನು ಬಂದು ನೋಡಿಕೊಳ್ಳಲೇ? ಅವರು ಬಾ ಎಂದರು. ವರ್ಷಗಳ ಕಾಲ ವಾರಕ್ಕೊಮ್ಮೆ, ಗುರುವಾರ ಸಂಜೆ, ಆಕೆ ಆ ಮನೆಗೆ ಹೋದಳು. ಮಗುವಿಗೆ ಸ್ನಾನ ಮಾಡಿಸಿದಳು, ಓದಿ ಹೇಳಿದಳು, ಹಾಡಿದಳು. 2017ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು.

ಈ ಎರಡು ಕೆಲಸಗಳಲ್ಲಿ ಯಾವುದು ಕಷ್ಟ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆಕೆಯನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದೋ, ಆ ಬಾಗಿಲು ದಾಟಿ ಒಳಗೆ ಹೋಗುವುದೋ? ತನ್ನ ಮಗ ಹೊಡೆದ ಗುಂಡು ಮಾಡಿದ್ದನ್ನು ಪ್ರತಿವಾರ ಕೈಯಾರೆ ಮುಟ್ಟಿ, ಸೋಪು ಹಚ್ಚಿ, ಒರೆಸಬೇಕು. ಮಗ ಮಾಡಿದ್ದಕ್ಕೆ ತಾಯಿ ಹೊಣೆಯಲ್ಲ. ಯಾವ ಕೋರ್ಟೂ, ಯಾವ ನೀತಿಶಾಸ್ತ್ರವೂ ಆಕೆಯಿಂದ ಇದನ್ನು ಬಯಸುವುದಿಲ್ಲ. ಹಾಗಾಗಿ ಇದನ್ನು ಪ್ರಾಯಶ್ಚಿತ್ತ ಎನ್ನಲು ನನಗೆ ಮನಸ್ಸಿಲ್ಲ. ಪ್ರಾಯಶ್ಚಿತ್ತಕ್ಕೆ ಒಂದು ಲೆಕ್ಕವಿರುತ್ತದೆ, ಎಂದೋ ಒಂದು ದಿನ ಅದು ತೀರುತ್ತದೆ. ಗುರುವಾರಗಳು ಹಾಗೆ ತೀರುವಂಥವಲ್ಲ.

ಕ್ರೈಸ್ತರು ಸೇವೆ ಎಂದಾಗ ನೆನೆಯುವುದು ಯೋಹಾನನ ಸುವಾರ್ತೆಯ ಹದಿಮೂರನೇ ಅಧ್ಯಾಯವನ್ನು. ಹಿಡಿದುಕೊಡುವ ಆ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಕಾಲು ತೊಳೆಯುತ್ತಾನೆ. ಆ ಕಾಲದಲ್ಲಿ ಅದು ಮನೆಯಾಳಿನ ಕೆಲಸ. ಯೂದನು ಅಲ್ಲಿಂದ ಎದ್ದು ಹೊರಗೆ ಹೋಗುವುದು ಕಾಲು ತೊಳೆದಾದ ಮೇಲೆ. ಅಂದರೆ ತೊಳೆಸಿಕೊಂಡ ಕಾಲುಗಳಲ್ಲಿ ಅವನವೂ ಇದ್ದವು. ಅಮಿಶರು ವರ್ಷಕ್ಕೆರಡು ಸಲ ಪ್ರಭುಭೋಜನದ ದಿನ ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ. ಯಾವುದೇ ಆಚರಣೆ ಪದೇ ಪದೇ ಮಾಡಿದಾಗ ಹುರುಪು ಕಳೆದುಕೊಂಡು ಬರಿಯ ರೂಢಿಯಾಗುತ್ತದೆ ಎಂದು ನಾವು ಬುದ್ಧಿವಂತರು ಆಡಿಕೊಳ್ಳುವುದುಂಟು. ಆದರೆ ಅಕ್ಟೋಬರ್ 2ರಂಥ ಸಂಜೆ ನೆರವಿಗೆ ಬರುವುದು ರೂಢಿಯೇ. ಯೋಚಿಸಿ ತೀರ್ಮಾನಿಸಲು ಆಗ ಯಾರಿಗೆ ತ್ರಾಣವಿರುತ್ತದೆ?

ಇಲ್ಲಿಯವರೆಗೆ ಮೆಚ್ಚುತ್ತ ಬಂದೆ. ಇನ್ನು ಮುಂದೆ ಅಷ್ಟು ಸಲೀಸಲ್ಲ.

ನಮ್ಮಲ್ಲಿ ಹೆಣ್ಣಿನ ಗುಣ ಹೇಳುವಾಗ ಕ್ಷಮೆಯಲ್ಲಿ ಭೂಮಿಯಂತಿರಬೇಕು ಎನ್ನುತ್ತಾರೆ. ಭೂಮಿ ಅಗೆಸಿಕೊಳ್ಳುತ್ತದೆ, ತುಳಿಸಿಕೊಳ್ಳುತ್ತದೆ, ಸುಮ್ಮನಿರುತ್ತದೆ. ಆ ಹೊಗಳಿಕೆಯಲ್ಲಿ ಎಷ್ಟು ಅಜ್ಜಿಯರ, ಅಮ್ಮಂದಿರ ಬಾಯಿ ಮುಚ್ಚಿಹೋಗಿದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಅಮಿಶ್ ಸಮುದಾಯಗಳೂ ಇದಕ್ಕೆ ಹೊರತಲ್ಲ. ಮನೆಯೊಳಗೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ, ಅವನು ಸಭೆಯ ಮುಂದೆ ತಪ್ಪೊಪ್ಪಿಕೊಂಡಿದ್ದಾನಲ್ಲ, ಇನ್ನು ಕ್ಷಮಿಸಿ ಮರೆತುಬಿಡು ಎಂದು ಹಿರಿಯರು ಒತ್ತಾಯಿಸಿದ ಪ್ರಕರಣಗಳನ್ನು ಪತ್ರಕರ್ತರು ಹೊರಗೆ ತಂದಿದ್ದಾರೆ. ಅಲ್ಲಿ ಕ್ಷಮಿಸದಿರುವುದೇ ಪಾಪವಾಗಿಬಿಡುತ್ತದೆ. ನಿಕಲ್ ಮೈನ್ಸಿನಲ್ಲಿ ಆರಿಸಿ ಕೊಂದದ್ದು ಹೆಣ್ಣುಮಕ್ಕಳನ್ನು ಎಂಬುದು ನೆನಪಾದಾಗ ಈ ಎರಡು ಸುದ್ದಿಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡಲು ನನ್ನಿಂದ ಆಗುವುದಿಲ್ಲ. ಒಂದೇ ನಂಬಿಕೆ, ಒಂದೇ ಪದ. ಒಂದು ಕಡೆ ಅದು ನೊಂದವರು ಎದ್ದು ಹೋಗಿ ಕೊಟ್ಟದ್ದು. ಇನ್ನೊಂದು ಕಡೆ ನೊಂದವಳಿಂದ ವಸೂಲಿ ಮಾಡಿದ್ದು.

ವಸೂಲಿ ಮಾಡುವವರು ಮನೆಯವರೇ ಆಗಬೇಕೆಂದಿಲ್ಲ. 2015ರ ಜೂನ್ 17, ಬುಧವಾರ ರಾತ್ರಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಕಪ್ಪು ಜನರ ಹಳೆಯ ಇಮ್ಯಾನ್ಯುಯೆಲ್ ಚರ್ಚಿನ ಬೈಬಲ್ ಓದಿಗೆ ಒಬ್ಬ ಬಿಳಿಯ ಯುವಕ ಬಂದ. ಅವನನ್ನು ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಅವರ ನಡುವೆ ಕುಳಿತಿದ್ದು, ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಗುಂಡು ಹಾರಿಸಿದ. ಪಾಸ್ಟರ್ ಕ್ಲೆಮೆಂಟಾ ಪಿಂಕ್ನಿ ಸೇರಿ ಒಂಬತ್ತು ಜನ ಸತ್ತರು. ಎರಡೇ ದಿನಕ್ಕೆ ಕೋರ್ಟಿನಲ್ಲಿ ಸತ್ತವರ ಮನೆಯವರಲ್ಲಿ ಕೆಲವರು ಅವನನ್ನು ಕ್ಷಮಿಸಿದ್ದೇವೆ ಎಂದರು. ಇಡೀ ದೇಶ ಗದ್ಗದವಾಯಿತು. ಆಗ ಲೇಖಕಿ ರಾಕ್ಸೇನ್ ಗೇ, ತಾನು ಅವನನ್ನು ಕ್ಷಮಿಸಲಾರೆ ಎಂದು ನ್ಯೂಯಾರ್ಕ್ ಟೈಮ್ಸಿನಲ್ಲಿ ಬರೆದಳು. ಆಕೆಯ ವಾದದ ತಿರುಳು ಸರಳ: ಬಿಳಿಯರಿಗೆ ಈ ಕ್ಷಮೆ ಬೇಕು, ಏಕೆಂದರೆ ಅದು ಸಿಕ್ಕರೆ ಜನಾಂಗದ್ವೇಷದ ಮಾತು ಅಲ್ಲಿಗೆ ಮುಗಿಯುತ್ತದೆ. ಕ್ಷಮಿಸಿದ ಮನೆಯವರ ಬಗ್ಗೆ ಆಕೆ ಒಂದು ಹಗುರ ಮಾತನ್ನೂ ಆಡಲಿಲ್ಲ. ಕ್ಷಮೆಯನ್ನು ನೋಡಿ ಕಣ್ಣೊರೆಸಿಕೊಂಡು ಎದ್ದುಹೋಗುವ ಪ್ರೇಕ್ಷಕರ ಬಗ್ಗೆ ಆಕೆಯ ತಕರಾರು.

ಆ ಪ್ರೇಕ್ಷಕರಲ್ಲಿ ನಾವೂ ಇದ್ದೇವೆ. ಗುಂಡು ತಗಲದವರಿಗೆ ಕ್ಷಮಿಸುವ ಹಕ್ಕಿಲ್ಲ, ಇದು ನನ್ನ ದೃಢವಾದ ಅಭಿಪ್ರಾಯ. ಕ್ಷಮೆಯನ್ನು ಹಾಡಿ ಹೊಗಳುವ ಹಕ್ಕೂ ನಮಗೆ ಸುಮ್ಮನೆ ಬರುವುದಿಲ್ಲ. ಹಾಗಾದರೆ ಗುಂಡು ತಗಲದವನ ಪಾಲಿಗೆ ಸೇವೆ ಎಂದರೇನು?

ಚಾರ್ಲ್ಸ್‌ಟನ್ನಿನ ಆ ಯುವಕನಿಗೆ ಬಂದೂಕು ಸಿಗಬಾರದಿತ್ತು. ಮಾದಕ ವಸ್ತುವಿನ ಪ್ರಕರಣವೊಂದರಲ್ಲಿ ಅವನು ಸಿಕ್ಕಿಬಿದ್ದಿದ್ದ. ಹಿನ್ನೆಲೆ ತಪಾಸಣೆ ಮೂರು ದಿನದಲ್ಲಿ ಮುಗಿಯದಿದ್ದರೆ ಅಂಗಡಿಯವನು ಮಾರಬಹುದು ಎಂಬ ಅಲ್ಲಿನ ಕಾನೂನಿನ ಸಂದಿಯಲ್ಲಿ ಬಂದೂಕು ಅವನ ಕೈಸೇರಿತು. ದಾಖಲೆಯ ತಪ್ಪಿನಿಂದ ಹೀಗಾಯಿತೆಂದು ಎಫ್‌ಬಿಐ ಮುಖ್ಯಸ್ಥರೇ ಒಪ್ಪಿಕೊಂಡರು. 2018ರ 'ಸ್ಮಾಲ್ ಆರ್ಮ್ಸ್ ಸರ್ವೆ' ಅಂದಾಜಿನಂತೆ ಅಮೆರಿಕದ ನಾಗರಿಕರ ಬಳಿ ಇರುವ ಬಂದೂಕು 39 ಕೋಟಿಗೂ ಹೆಚ್ಚು. ಜನರಿಗಿಂತ ಬಂದೂಕೇ ಹೆಚ್ಚು. ಪ್ರತಿ ಹತ್ಯಾಕಾಂಡದ ಮರುದಿನ ರಾಜಕಾರಣಿಗಳು 'ನಮ್ಮ ಪ್ರಾರ್ಥನೆ ನಿಮ್ಮೊಂದಿಗಿದೆ' ಎನ್ನುತ್ತಾರೆ. ಆ ಮಾತು ಅಲ್ಲಿ ಈಗ ಗೇಲಿಯ ಮಾತಾಗಿದೆ. ಪ್ರಾರ್ಥನೆಗೆ ಬೆಲೆಯಿಲ್ಲವೆಂದಲ್ಲ. ನಿಕಲ್ ಮೈನ್ಸಿನವರೂ ಪ್ರಾರ್ಥಿಸಿದರು, ಆಮೇಲೆ ಎದ್ದು ನಡೆದು ಹೋದರು. ಇವರು ಏಳುವುದಿಲ್ಲ.

ಅಮಿಶರು ಬಂದೂಕಿನ ಕಾನೂನಿನ ಗೋಜಿಗೆ ಹೋಗಲಿಲ್ಲ. ರಾಜ್ಯದ ವ್ಯವಹಾರ ಬೇರೆ, ದೇವರ ರಾಜ್ಯ ಬೇರೆ ಎಂಬುದು ಅವರ ಹಳೆಯ ನಿಲುವು. ಬೇಟೆಯ ಬಂದೂಕು ಅವರ ಮನೆಗಳಲ್ಲೂ ಇರುತ್ತದೆ. ನನಗೆ ಇದು ಕೊರತೆಯಾಗಿಯೇ ಕಾಣುತ್ತದೆ. ಮಾರ್ಟಿನ್ ಲೂಥರ್ ಕಿಂಗ್ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾತಾಡುತ್ತ ಒಳ್ಳೆಯ ಸಮಾರ್ಯದವನ ಕಥೆಯನ್ನು ಮುಂದಕ್ಕೆ ಒಯ್ದರು. ದಾರಿಯಲ್ಲಿ ಹೊಡೆತ ತಿಂದು ಬಿದ್ದವನ ಗಾಯ ಕಟ್ಟುವುದು ಆರಂಭ ಮಾತ್ರ, ಜನ ಹೊಡೆತ ತಿನ್ನುತ್ತಲೇ ಇರುವ ಯೆರಿಕೋವಿನ ಆ ದಾರಿಯನ್ನೇ ಬದಲಿಸಬೇಕು ಎಂದರು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಏಪ್ರಿಲ್ 4ಕ್ಕೆ, ಅವರನ್ನು ಗುಂಡಿಟ್ಟು ಕೊಂದರು. 1974ರ ಜೂನ್ 30ರ ಭಾನುವಾರ ಅಟ್ಲಾಂಟಾದ ಎಬನೀಜರ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಅವರ ತಾಯಿ ಆಲ್ಬರ್ಟಾ ಅವರನ್ನೂ ಒಬ್ಬ ಗುಂಡಿಟ್ಟು ಕೊಂದ. ಕಿಂಗ್ ಕುಟುಂಬ ಅವನ ಮರಣದಂಡನೆಯನ್ನು ವಿರೋಧಿಸಿತು. 1995ರಲ್ಲಿ ಅದು ಜೀವಾವಧಿಗೆ ಇಳಿಯಿತು. ಕೊಂದವನ ಜೀವ ಬೇಡ ಎಂದವರೇ ದಾರಿ ಬದಲಾಗಲೇಬೇಕು ಎಂದೂ ಹೇಳಿದರು. ಈ ಎರಡು ಮಾತುಗಳ ನಡುವೆ ಅವರಿಗೆ ತಿಕ್ಕಾಟ ಕಾಣಲಿಲ್ಲ.

ಕೊಲೊರಾಡೊದಲ್ಲಿ ಮೈಕ್ ಮಾರ್ಟಿನ್ ಎಂಬವರು ಇನ್ನೊಂದು ದಾರಿ ಹಿಡಿದರು. ಇವರು ಮೆನೊನೈಟ್, ಅಂದರೆ ಅಮಿಶರ ದಾಯಾದಿ ಪಂಥದವರು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಹಿರಿಯರೂ ಗುಂಡಿಗೆ ಬಲಿಯಾದ ಮೇಲೆ ಅವರು ಕಮ್ಮಾರಿಕೆ ಕಲಿತರು. ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುವ ಮಾತು ಯೆಶಾಯನ ಪುಸ್ತಕದಲ್ಲಿ ಬರುತ್ತದೆ. ಅದನ್ನು ಉಪದೇಶಿಸುವುದರಲ್ಲೇ ನಿಲ್ಲದೆ ಕುಲುಮೆ ಹೂಡಿದರು. ಜನ ತಾವಾಗಿ ತಂದುಕೊಟ್ಟ ಬಂದೂಕುಗಳನ್ನು ಕತ್ತರಿಸಿ, ಕಾಯಿಸಿ, ತೋಟದ ಸಲಕರಣೆ ಮಾಡುತ್ತಾರೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರೂ ಅಲ್ಲಿ ಸುತ್ತಿಗೆ ಹಿಡಿದು ಕಾದ ನಳಿಗೆಗೆ ಬಡಿದಿದ್ದಾರೆ. 39 ಕೋಟಿಯ ಮುಂದೆ ಇದು ಯಾವ ಲೆಕ್ಕ ಎಂದು ಕೇಳಬಹುದು. ಲೆಕ್ಕಕ್ಕೆ ಸಿಗದಷ್ಟು ಸಣ್ಣದೇ. ಆದರೆ ಆ ತಾಯಂದಿರನ್ನು ಅಲ್ಲಿ ಯಾರೂ ಕ್ಷಮಿಸಿದೆಯಾ ಎಂದು ಕೇಳುವುದಿಲ್ಲ ಎಂಬುದು ನನಗೆ ಮುಖ್ಯ. ಸಿಟ್ಟಿನಿಂದಲೇ ಬಡಿಯಬಹುದು. ಸಿಟ್ಟಿನ ಪೆಟ್ಟಿಗೂ ಕಬ್ಬಿಣ ಬಗ್ಗುತ್ತದೆ.

ನಿಕಲ್ ಮೈನ್ಸಿನಲ್ಲಿ ಹತ್ತು ದಿನಕ್ಕೆ ಆ ಶಾಲೆಯನ್ನು ಕೆಡವಿ, ಜಾಗವನ್ನು ಹುಲ್ಲುಗಾವಲಾಗಲು ಬಿಟ್ಟರು. ಸರಿಯಾಗಿ ಆರು ತಿಂಗಳಿಗೆ, 2007ರ ಏಪ್ರಿಲ್ 2ರಂದು, ಹತ್ತಿರದಲ್ಲೇ ಹೊಸ ಶಾಲೆ ತೆರೆಯಿತು. ಕ್ಷಮೆಯ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ನನಗೆ ಇನ್ನೂ ಬಗೆಹರಿಯದ ಒಂದು ಸಂಗತಿ ಉಳಿದಿದೆ. ತಂದೆತಾಯಿ ಕ್ಷಮಿಸಿದರು, ಸಮುದಾಯ ಕ್ಷಮಿಸಿತು. ಆದರೆ ಗುಂಡು ತಗಲಿದ್ದು ಆ ಹುಡುಗಿಗೆ, ಮತ್ತು ಅವಳಿಗೆ ಮಾತಿರಲಿಲ್ಲ. ಅವಳು ಕ್ಷಮಿಸಿದ್ದಳೋ ಇಲ್ಲವೋ ಯಾರಿಗೂ ತಿಳಿಯದು. ಅವಳ ಪರವಾಗಿ ಹಾಗೆಂದು ಹೇಳಲು ಹೆತ್ತವರಿಗಾದರೂ ಅಧಿಕಾರವಿತ್ತೇ ಎಂದು ನಾನು ಅನುಮಾನಿಸುತ್ತೇನೆ. ಕೊಂದವನ ತಾಯಿ ಪ್ರತಿ ಗುರುವಾರ ಹೋಗಿ ಕೂರುತ್ತಿದ್ದುದು ಆ ಉತ್ತರ ಸಿಗದ ಮಗುವಿನ ಪಕ್ಕದಲ್ಲಿ. ಉತ್ತರಕ್ಕೆ ಕಾಯದೆಯೇ ನೀರು ಕಾಯಿಸಿ, ಹದ ನೋಡಿ, ಸ್ನಾನಕ್ಕೆ ಅಣಿ ಮಾಡುತ್ತಿದ್ದಳು.