ಧರ್ಮಕ್ಕೆ ಕೊಟ್ಟ ದಟ್ಟಿಗೆ ಮೊಳ ಹಾಕಬಹುದೇ?

2013ರ ಸೆಪ್ಟೆಂಬರ್. ನಾನಾಗ ಎರಡನೇ ಪಿಯುಸಿ. ದೊಡ್ಡಪ್ಪನ ಮಗನ ಕಂಪ್ಯೂಟರಿನಲ್ಲಿ ‘ಅಮ್ನೀಸಿಯಾ: ಅ ಮಷೀನ್ ಫಾರ್ ಪಿಗ್ಸ್’ ಎಂಬ ಹೊಸ ಹಾರರ್ ಗೇಮ್ ತೆರೆದುಕೊಂಡಾಗ ನನ್ನ ಕಣ್ಣು ಮೊದಲು ಹುಡುಕಿದ್ದು ಮೆನುವಿನ ಒಂದು ಸಾಲನ್ನು: ‘ಕಸ್ಟಮ್ ಸ್ಟೋರಿ’. ಮೊದಲನೇ ಅಮ್ನೀಸಿಯಾದಲ್ಲಿ ಅದಿತ್ತು. ಇಲ್ಲಿ ಇರಲಿಲ್ಲ. ಮೇಲಿಂದ ಕೆಳಗೆ ಎರಡು ಸಲ ನೋಡಿದೆ. “ಇಲ್ಲ ಕಣೋ, ತೆಗೆದುಬಿಟ್ಟಿದ್ದಾರೆ” ಎಂದ ಅಣ್ಣ.

ಈಗ ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನನ್ನು ಅಂದಿನ ಆ ಕ್ರಿಯಾಪದ ಇನ್ನೂ ಕಾಡುತ್ತದೆ. ಹೊಸ ಗೇಮಿನಲ್ಲಿ ಎಂದೂ ಇರದಿದ್ದನ್ನು ಯಾರಾದರೂ ತೆಗೆಯುವುದು ಹೇಗೆ? ಕೊಡದಿರುವುದು ಬೇರೆ, ಕಿತ್ತುಕೊಳ್ಳುವುದು ಬೇರೆ ಎಂದು ಮಕ್ಕಳಿಗೂ ಗೊತ್ತು. ಆದರೂ ಆ ಆಟವನ್ನು ಪ್ರೀತಿಸಿದ ಅನೇಕರು ಆ ದಿನಗಳಲ್ಲಿ ಎರಡೂ ಒಂದೇ ಎಂಬಂತೆ ಮಾತಾಡಿದರು. ಅವರಲ್ಲಿ ನಾನೂ ಒಬ್ಬ.

ಗೇಮ್ ಆಡದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ 2010ರಲ್ಲಿ ‘ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್’ ಬಿಡುಗಡೆ ಮಾಡಿತು. 1839ರಲ್ಲಿ, ಪ್ರಷ್ಯಾದ ಕೋಟೆಯೊಂದರಲ್ಲಿ, ನೆನಪು ಕಳೆದುಕೊಂಡು ಎಚ್ಚರಗೊಳ್ಳುವ ಡೇನಿಯಲ್ ಅದರ ನಾಯಕ. ಅವನ ಕೈಯಲ್ಲಿ ಆಯುಧವಿಲ್ಲ. ರಾಕ್ಷಸ ಎದುರಾದರೆ ಓಡಬೇಕು, ಇಲ್ಲವೇ ಎಲ್ಲಾದರೂ ಅಡಗಬೇಕು. ಕತ್ತಲಲ್ಲಿ ಹೆಚ್ಚು ಹೊತ್ತು ನಿಂತರೆ ಬುದ್ಧಿ ಸ್ತಿಮಿತ ತಪ್ಪುತ್ತದೆ. ಬೆಳಕು ಮಾಡಿಕೊಳ್ಳೋಣವೆಂದರೆ ಲಾಟೀನಿನ ಎಣ್ಣೆ ಮುಗಿಯುತ್ತದೆ. ಆಟದ ಭಯವೆಲ್ಲ ಈ ಇಕ್ಕಟ್ಟಿನಲ್ಲಿತ್ತು.

ಆಟದ ಜೊತೆಗೆ ಅದನ್ನು ಕಟ್ಟಿದ ಸಲಕರಣೆಗಳನ್ನೂ ಆ ಸಂಸ್ಥೆ ಜನರ ಕೈಗಿಟ್ಟಿತು. ಗೋಡೆ, ಮೆಟ್ಟಿಲು, ದೀಪ ಜೋಡಿಸಲು ಒಂದು ಎಡಿಟರ್. ಯಾವ ಬಾಗಿಲು ಯಾವಾಗ ತೆರೆಯಬೇಕು, ರಾಕ್ಷಸ ಎಲ್ಲಿಂದ ಬರಬೇಕು ಎಂದು ಬರೆಯಲು ಒಂದು ಸ್ಕ್ರಿಪ್ಟ್ ಭಾಷೆ. ಹೀಗೆ ಆಡುವವರೇ ಆಟವನ್ನು ತಿದ್ದಿ, ಬೆಳೆಸಿ, ಹೊಸದನ್ನು ಕಟ್ಟುವುದಕ್ಕೆ ‘ಮಾಡಿಂಗ್’ ಎನ್ನುತ್ತಾರೆ. ಅದು ಮಾಡಿಫೈ ಎಂಬ ಇಂಗ್ಲಿಷ್ ಪದದ ತುಂಡು. ಕನ್ನಡದ ಕಿವಿಗೆ ಮಾತ್ರ ‘ಮಾಡು’ ಎಂದೇ ಕೇಳಿಸುತ್ತದೆ. ಅರ್ಥವೂ ಅಷ್ಟೇನೂ ದೂರವಿಲ್ಲ.

ಜನ ಮಾಡಿದರು. ಬೇರೆ ಬೇರೆ ದೇಶಗಳಲ್ಲಿ ಕೂತ ಹವ್ಯಾಸಿಗಳು ಆಸ್ಪತ್ರೆ, ಹಾಳು ಬಂಗಲೆ, ನೆಲಮಾಳಿಗೆಗಳನ್ನು ಕಟ್ಟಿ ತಮ್ಮ ಕಥೆ ಹೇಳಿದರು. ಆಗಿನ್ನೂ ಹೆಸರು ಮಾಡುತ್ತಿದ್ದ ಸ್ವೀಡನ್ನಿನ ಯೂಟ್ಯೂಬರ್ ಪ್ಯೂಡಿಪೈ ಆ ಕಥೆಗಳನ್ನು ಆಡುತ್ತಾ ಕಿರುಚಿದ ವಿಡಿಯೋಗಳನ್ನು ಅಪಾರ ಜನ ನೋಡಿದರು. ನಾನೂ ಅಜ್ಜಿಮನೆಯ ಅಟ್ಟವನ್ನು ಕಟ್ಟಲು ಹೊರಟಿದ್ದೆ. ಎಡಿಟರ್‌ನಲ್ಲಿದ್ದದ್ದು ಯುರೋಪಿನ ಕೋಟೆಯ ಕಲ್ಲು, ಪೀಪಾಯಿ, ಮೇಣದಬತ್ತಿಗಳು. ಅವುಗಳಲ್ಲೇ ಮಲೆನಾಡಿನ ಅಟ್ಟ ಮಾಡಲು ಎರಡು ಬೇಸಿಗೆ ರಜೆ ಕಳೆದೆ. ಮೂರು ಕೋಣೆ ಆಯಿತು. ಉಳಿದದ್ದನ್ನು ಹೊಸ ಗೇಮಿನಲ್ಲಿ ಮುಂದುವರಿಸೋಣವೆಂದು ಕಾದಿದ್ದೆ.

ಫ್ರಿಕ್ಷನಲ್ ಆಗ ‘ಸೋಮಾ’ ಎಂಬ ಇನ್ನೊಂದು ಆಟದ ಕೆಲಸದಲ್ಲಿತ್ತು. ಹಾಗಾಗಿ ಎರಡನೇ ಅಮ್ನೀಸಿಯಾವನ್ನು ಇಂಗ್ಲೆಂಡಿನ ‘ದಿ ಚೈನೀಸ್ ರೂಮ್’ ಎಂಬ ತಂಡಕ್ಕೆ ವಹಿಸಿ ತಾನು ಪ್ರಕಾಶಕನಾಯಿತು. ಬಂದ ಆಟ ಬೇರೆಯೇ ಆಗಿತ್ತು. ಬುದ್ಧಿ ಸ್ತಿಮಿತ ತಪ್ಪುವ ಲೆಕ್ಕ ಇರಲಿಲ್ಲ, ವಸ್ತುಗಳನ್ನು ಕೂಡಿಟ್ಟುಕೊಳ್ಳುವ ಚೀಲ ಇರಲಿಲ್ಲ, ಲಾಟೀನಿಗೆ ಎಣ್ಣೆಯ ಹಂಗಿರಲಿಲ್ಲ. ‘ಕಸ್ಟಮ್ ಸ್ಟೋರಿ’ ಎಂಬ ಸಾಲೂ ಇರಲಿಲ್ಲ.

ಜಗಳ ಹತ್ತಿಕೊಂಡಿತು. ಒಂದು ಕಡೆಯವರ ವಾದ ಹೀಗೆ: ಮೂರು ವರ್ಷ ಈ ಹೆಸರನ್ನು ಜೀವಂತವಾಗಿಟ್ಟವರು ನಾವು. ಎಂಜಿನ್ ಹಳೆಯದೇ, ಸಲಕರಣೆ ಹಳೆಯದೇ. ಅದೇ ಹೆಸರಿಟ್ಟು ಮಾರುವಾಗ ಅದರ ಅರ್ಧ ಪ್ರಾಣವನ್ನು ಬಿಟ್ಟುಬಿಡುವುದು ಅನ್ಯಾಯ. ಇನ್ನೊಂದು ಕಡೆಯವರ ಉತ್ತರ: ಇದು ಕಥೆಗಾರನೊಬ್ಬನ ಕೃತಿ. ಬೇಕಾದರೆ ಓದಿ, ಬೇಡವಾದರೆ ಬಿಡಿ. ಯಾರೂ ನಿಮಗೆ ಮಾತು ಕೊಟ್ಟಿರಲಿಲ್ಲ. ಮೊದಲ ಸಲ ಸಿಕ್ಕಿದ್ದು ಉಡುಗೊರೆ. ಅದನ್ನೇ ಹಕ್ಕು ಅಂದುಕೊಂಡಿದ್ದೀರಿ.

ಈ ಉತ್ತರವನ್ನು ನಮ್ಮ ಹಳ್ಳಿಗಳಲ್ಲಿ ಒಂದು ಗಾದೆಯಲ್ಲಿ ಮುಗಿಸುತ್ತಾರೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನಂತೆ. ಪುಕ್ಕಟೆ ಸಿಕ್ಕ ಬಟ್ಟೆಯ ಉದ್ದ ಅಳೆಯುವವನು ಕೃತಘ್ನ ಎಂದು ಗಾದೆ ನಗುತ್ತದೆ. ಆದರೆ ಮೊಳ ಹಾಕಲು ಇನ್ನೊಂದು ಕಾರಣವೂ ಇರಬಹುದಲ್ಲ? ಹೊಲಿಯಲು ಕೂತವನೂ ಮೊದಲು ಬಟ್ಟೆಯನ್ನು ಅಳೆಯಲೇಬೇಕು. ಮಾಡಿಂಗ್ ಮಾಡುವವರು ದಟ್ಟಿ ಪಡೆದು ಸುಮ್ಮನೆ ಉಟ್ಟವರಲ್ಲ. ಅದರಿಂದ ಅಂಗಿ ಹೊಲಿದು ಊರಿಗೆಲ್ಲ ಹಂಚಿದವರು. ಉಡುಗೊರೆಯಲ್ಲಿ ಕೊಡುವುದು, ಪಡೆಯುವುದು, ಮರಳಿಸುವುದು ಎಂಬ ಮೂರೂ ಹೆಣೆದುಕೊಂಡಿರುತ್ತವೆ ಎಂದು ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲೇ ತೋರಿಸಿದ್ದ. ಇಲ್ಲಿ ಮರಳಿಸುವ ಕೆಲಸ ಆಗಲೇ ನಡೆದಿತ್ತು. ಹಾಗಾಗಿ ಅವರನ್ನು ಕೃತಘ್ನರೆನ್ನುವುದು ನಿಲ್ಲುವ ಮಾತಲ್ಲ.

ಹಾಗಾದರೆ ಅವರಿಗೆ ಹಕ್ಕು ಹುಟ್ಟಿತೇ? ಇದಕ್ಕೆ ನಮ್ಮ ಕಾನೂನಿನಲ್ಲಿ ಒಂದು ಹತ್ತಿರದ ಹೋಲಿಕೆ ಇದೆ. ಪಕ್ಕದವರ ಜಮೀನಿನ ಕಾಲುದಾರಿಯಲ್ಲಿ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದೆಂಬಂತೆ ಓಡಾಡಿದರೆ ಆ ದಾರಿ ನಮ್ಮ ಹಕ್ಕಾಗುತ್ತದೆ ಎನ್ನುತ್ತದೆ 1882ರ ಈಸ್‌ಮೆಂಟ್ಸ್ ಕಾಯ್ದೆ. ಆದರೆ ಒಡೆಯನ ಅನುಮತಿಯಿಂದ ಓಡಾಡಿದ್ದಾದರೆ ಅದು ಹಕ್ಕಾಗುವುದಿಲ್ಲ. ಅನುಮತಿಯನ್ನು ಅವನು ಹಿಂಪಡೆಯಬಹುದು. ಇದಕ್ಕೆ 60ನೇ ಕಲಮು ಒಂದು ವಿನಾಯಿತಿ ಇಟ್ಟಿದೆ: ಅನುಮತಿ ನಂಬಿ, ಖರ್ಚು ಮಾಡಿ, ಶಾಶ್ವತವಾದ ಏನನ್ನಾದರೂ ಕಟ್ಟಿದ್ದರೆ ಹಿಂಪಡೆಯುವಂತಿಲ್ಲ. ಇದನ್ನು ಮೊದಲ ಸಲ ಓದಿದಾಗ ನನ್ನ ಮೂರು ಕೋಣೆಯ ಅಟ್ಟಕ್ಕೆ ವಕೀಲ ಸಿಕ್ಕನೆಂದು ಖುಷಿಪಟ್ಟೆ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ನನ್ನ ಅಟ್ಟವನ್ನು ಯಾರೂ ಕೆಡವಿರಲಿಲ್ಲ. ಮೊದಲ ಗೇಮಿನ ಬಾಗಿಲು ತೆರೆದೇ ಇತ್ತು, ಸಲಕರಣೆಗಳು ಅಲ್ಲೇ ಇದ್ದವು, ಯಾರ ಕಥೆಯೂ ಅಳಿದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಮನೆ ಎದ್ದಿತ್ತು, ಅದಕ್ಕೆ ಹಿತ್ತಿಲ ಬಾಗಿಲು ಇಟ್ಟಿರಲಿಲ್ಲ, ಅಷ್ಟೆ. ಹೊಸ ಮನೆ ಹೀಗೇ ಇರಬೇಕೆಂದು ಹೇಳುವ ಹಕ್ಕು ಹಳೆಯ ಮನೆಗೆ ಬಂದುಹೋಗುತ್ತಿದ್ದ ನನಗೆ ಎಲ್ಲಿಂದ ಬರಬೇಕು?

ಇಲ್ಲಿಗೇ ಮುಗಿಸಿದರೆ ಎರಡನೇ ಕಡೆಯವರು ಗೆದ್ದಂತೆ. ಆದರೆ ಇನ್ನೊಂದು ಸಂಗತಿ ಇದೆ. ದಿ ಚೈನೀಸ್ ರೂಮ್ ಹೆಸರು ಮಾಡಿದ್ದು ‘ಡಿಯರ್ ಎಸ್ತರ್’ ಎಂಬ ಕೃತಿಯಿಂದ. 2008ರಲ್ಲಿ, ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯಾಗಿ ಮೊದಲು ಹೊರಬಂದಾಗ ಅದೊಂದು ಮಾಡ್ ಆಗಿತ್ತು. ವಾಲ್ವ್ ಕಂಪನಿಯ ‘ಹಾಫ್-ಲೈಫ್ 2’ ಮೇಲೆ, ಆ ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟ ಸಲಕರಣೆಗಳಲ್ಲಿ ಕಟ್ಟಿದ್ದು. ಸ್ವತಂತ್ರ ಗೇಮಾಗಿ ಮಾರಾಟಕ್ಕೆ ಬಂದದ್ದು 2012ರಲ್ಲಿ. ಬೇರೆಯವರು ತೆರೆದಿಟ್ಟ ಬಾಗಿಲಿನಿಂದ ಒಳಬಂದವರು ತಮ್ಮ ಮನೆಗೆ ಬಾಗಿಲಿಡದಿದ್ದರೆ ಏನೂ ತಪ್ಪಿಲ್ಲವೇ?

ನಮ್ಮ ಭಾಷೆಯಲ್ಲಿ ಸಾಲ, ಋಣ ಎಂಬ ಎರಡು ಮಾತುಗಳಿವೆ. ಆಡುವಾಗ ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ, ಆದರೆ ತೂಕ ಬೇರೆ. ಸಾಲಕ್ಕೆ ಮೊತ್ತವಿದೆ, ಗಡುವಿದೆ, ಬಾಗಿಲಿಗೆ ಬಂದು ಕೇಳುವ ಸಾಲಗಾರನಿದ್ದಾನೆ. ಋಣಕ್ಕೆ ಇದಾವುದೂ ಇಲ್ಲ. ಕಲಿಸಿದ ಮೇಷ್ಟರ ಋಣವನ್ನು ಮೇಷ್ಟರಿಗೇ ತೀರಿಸಲಾಗುವುದಿಲ್ಲ. ಮುಂದೆ ಯಾರಿಗೋ ಕಲಿಸಿ ತೀರಿಸುತ್ತೇವೆ. ಕಾಂಟ್ ಹೇಳುವ ‘ಅಪೂರ್ಣ ಕರ್ತವ್ಯ’ ಇದಕ್ಕೆ ಹತ್ತಿರದ್ದು. ಇತರರಿಗೆ ನೆರವಾಗುವುದು ಕರ್ತವ್ಯವೇ, ಆದರೆ ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಅದು ನಮ್ಮ ವಿವೇಕಕ್ಕೆ ಬಿಡುತ್ತದೆ. ಇಂಥ ದಿನ ಇಂಥವನಿಗೆ ಕೊಡಲಿಲ್ಲವೆಂದು ಯಾರೂ ದೂರು ಕೊಡುವಂತಿಲ್ಲ. ಹಾಗೆಂದು ಎಂದೂ ಕೊಡದೆ ಇರುವಂತೆಯೂ ಇಲ್ಲ.

ಆ ಜಗಳದಲ್ಲಿ ಎರಡೂ ಕಡೆಯವರು ತಪ್ಪಿದ್ದು ಇಲ್ಲೇ ಎಂದು ನನಗನಿಸುತ್ತದೆ. ನಾವು ಋಣವನ್ನು ಸಾಲವೆಂದು ಭಾವಿಸಿ ವಸೂಲಿಗೆ ಹೊರಟೆವು. ನಮ್ಮನ್ನು ಬೈದವರು, ಸಾಲಪತ್ರವಿಲ್ಲ ಎಂಬ ಕಾರಣಕ್ಕೆ ಋಣವೇ ಇಲ್ಲವೆಂದರು.

ಋಣ ಸಂದಾಯವಾಗುವ ರೀತಿಯೂ ವಿಚಿತ್ರ. 2015ರಲ್ಲಿ ಫ್ರಿಕ್ಷನಲ್ ‘ಸೋಮಾ’ ತಂದಾಗ ಅದರ ರಾಕ್ಷಸರು ಆಟಗಾರನ ಮೇಲೆ ಬೀಳದಂತೆ ಮಾಡುವ ಮಾಡ್ ಒಂದನ್ನು ಹವ್ಯಾಸಿಯೊಬ್ಬ ಕಟ್ಟಿದ. ಕಥೆ ಬೇಕು, ಭಯ ಬೇಡ ಎನ್ನುವವರಿಗೆ ಅದು ವರವಾಯಿತು. 2017ರ ಡಿಸೆಂಬರ್‌ನಲ್ಲಿ ಸಂಸ್ಥೆಯೇ ‘ಸೇಫ್ ಮೋಡ್’ ಎಂಬ ಹೆಸರಿನಲ್ಲಿ ಅಂಥದ್ದೊಂದು ಆಯ್ಕೆಯನ್ನು ಗೇಮಿಗೆ ಸೇರಿಸಿತು. 2020ರ ಸೆಪ್ಟೆಂಬರ್‌ನಲ್ಲಿ ಇನ್ನೂ ದೊಡ್ಡದು ನಡೆಯಿತು. ಎರಡೂ ಅಮ್ನೀಸಿಯಾಗಳ ಮೂಲ ಕೋಡ್ ಅನ್ನು ಜಿಪಿಎಲ್ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಮೆನುವಿನ ಒಂದು ಸಾಲಿಗಾಗಿ ನಾವು ಜಗಳವಾಡಿದ್ದ ಆಟದ ಎಂಜಿನ್ನೇ ಏಳು ವರ್ಷದ ನಂತರ ಎಲ್ಲರೆದುರು ತೆರೆದುಕೊಂಡಿತು. ಕೇಳಿದ ಹೊತ್ತಿಗೆ ಬರಲಿಲ್ಲ, ಕೇಳಿದ ರೂಪದಲ್ಲೂ ಬರಲಿಲ್ಲ.

ನನ್ನ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಸಿಟ್ಟಿನಲ್ಲಿ ನಾನು ಎರಡನೇ ಅಮ್ನೀಸಿಯಾವನ್ನು ಎರಡು ವರ್ಷ ಮುಟ್ಟಲಿಲ್ಲ. ಆಡದೆಯೇ ಕೆಟ್ಟದ್ದೆಂದು ಸ್ನೇಹಿತರಿಗೆ ಹೇಳಿದೆ. ಕೊನೆಗೆ ಪದವಿಯ ಎರಡನೇ ವರ್ಷದಲ್ಲಿ, ಹಾಸ್ಟೆಲಿನ ಒಂದು ರಾತ್ರಿ ಆಡಿದೆ. 1899ರ ಕೊನೆಯ ದಿನದ ಲಂಡನ್; ಮಾಂಸದ ಉದ್ಯಮಿ ಮ್ಯಾಂಡಸ್ ತನ್ನ ಇಬ್ಬರು ಮಕ್ಕಳನ್ನು ಹುಡುಕುತ್ತಾ ತನ್ನದೇ ಯಂತ್ರದ ಹೊಟ್ಟೆಯೊಳಗೆ ಇಳಿಯುತ್ತಾನೆ. ಬರಲಿರುವ ಶತಮಾನ ಮನುಷ್ಯರನ್ನು ಏನು ಮಾಡಲಿದೆ ಎಂಬ ಆ ಕಥೆಯ ದುಃಖ ಎಷ್ಟೋ ದಿನ ನನ್ನನ್ನು ಬಿಡಲಿಲ್ಲ. ನನ್ನ ಕೋಣೆಗಳನ್ನು ಕಟ್ಟಲು ಅದರಲ್ಲಿ ಜಾಗವಿರಲಿಲ್ಲ, ನಿಜ. ಕೂತು ಕೇಳಲು ಬೇಕಾದಷ್ಟಿತ್ತು. ಇಲ್ಲದ್ದನ್ನು ಅಳೆಯುವುದರಲ್ಲಿ ಇದ್ದದ್ದನ್ನು ನೋಡದೆ ಹೋಗಿದ್ದೆ. ಆ ಕೃತಿಗೂ ನಾನು ಏನೋ ಬಾಕಿ ಉಳಿಸಿಕೊಂಡಿದ್ದೆ; ಆ ಲೆಕ್ಕವನ್ನು ಜಗಳದಲ್ಲಿ ಯಾರೂ ಕೇಳಿರಲಿಲ್ಲ.

ಕಳೆದ ದೀಪಾವಳಿಗೆ ಅಣ್ಣ ಊರಿಗೆ ಬಂದಿದ್ದ. ಈ ಲೇಖನದ ವಿಷಯ ಹೇಳಿದೆ. “ಅವರು ತೆಗೆದಿದ್ದಲ್ಲ ಅಣ್ಣಾ, ಕೊಟ್ಟಿರಲಿಲ್ಲ, ಅಷ್ಟೆ” ಎಂದು ನನ್ನ ವಾದವನ್ನೆಲ್ಲ ಬಿಡಿಸಿಟ್ಟೆ. ಪೂರ್ತಿ ಕೇಳಿಸಿಕೊಂಡು, “ಸರಿ ಇರಬಹುದು. ಆದ್ರೆ ಆವತ್ತು ಎರಡಕ್ಕೂ ಹೊಟ್ಟೆ ಒಂದೇ ಥರ ಉರೀತಿತ್ತು ಕಣೋ” ಅಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆ ಮೂರು ಕೋಣೆಗಳು ಇನ್ನೂ ಇವೆಯಾ ಎಂದು ಇಬ್ಬರೂ ಹುಡುಕಲು ಕೂತೆವು.