ಎತ್ತುವುದು ಒಂದು ದಿನ, ಕಾಯುವುದು ದಿನದಿನ

 



ಇಂದಿನ ಚಿಂತನೆಗೆ ಒಂದು ಮರದ ಹಡಗಿನ ಕತೆಯನ್ನು ತೆಗೆದುಕೊಳ್ಳೋಣ.

ಹಡಗಿನ ಹೆಸರು ಆಲ್ವಿನ್ ಕ್ಲಾರ್ಕ್. 1840ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕಟ್ಟಿದ್ದು. ನೂರಡಿಗೂ ಉದ್ದ, ಎರಡು ಹಾಯಿಕಂಬ. ಇಂಥ ಹಡಗನ್ನು ಸ್ಕೂನರ್ ಎನ್ನುತ್ತಾರೆ. ಅಲ್ಲಿನ ಮಹಾಸರೋವರಗಳಲ್ಲಿ ಊರಿಂದೂರಿಗೆ ಸರಕು ಸಾಗಿಸುವುದೇ ಅದರ ದುಡಿಮೆ. ಶಿಕಾಗೋದಂಥ ನಗರಗಳು ಎದ್ದು ನಿಂತದ್ದು ಇಂಥ ಹಡಗುಗಳು ಹೊತ್ತು ತಂದ ಮರದಿಂದ.

1864ರ ಜೂನ್ 29. ಮರ ತುಂಬಿಕೊಂಡು ಬರಲು ಹಡಗು ಬರಿದಾಗಿ ಹೋಗುತ್ತಿತ್ತು. ಸರಕಿನ ಕೋಣೆಯ ಮುಚ್ಚಳಗಳು ತೆರೆದೇ ಇದ್ದವು. ಗ್ರೀನ್ ಬೇ ಎಂಬಲ್ಲಿ ಒಮ್ಮೆಲೇ ಬಿರುಗಾಳಿ ಎರಗಿತು. ಹಡಗು ವಾಲಿತು, ನೀರು ನುಗ್ಗಿತು. ಕಪ್ತಾನನೂ ಸೇರಿ ಮೂವರು ಸತ್ತರು.

ನೂರು ವರ್ಷ ಕಳೆದ ಮೇಲೆ, 1967ರಲ್ಲಿ, ಮೀನಿನ ಬಲೆ ಬಿಡಿಸಲು ಇಳಿದ ಮುಳುಗುಗಾರನೊಬ್ಬ ತಳದಲ್ಲಿ ಆ ಹಡಗನ್ನು ಕಂಡ. ತಣ್ಣನೆಯ ಸಿಹಿನೀರು ಮರವನ್ನು ಹಾಗೇ ಕಾದಿತ್ತು. 1969ರಲ್ಲಿ ಸಂಗಡಿಗರೊಂದಿಗೆ ಅದನ್ನು ಇಡಿಯಾಗಿ ಮೇಲೆತ್ತಿದ. ಒಳಗಿನ ನೀರು ಹೊರಹಾಕಿದಾಗ ಹಡಗು ತನ್ನಷ್ಟಕ್ಕೆ ತಾನೇ ತೇಲಿತು! ಜನ ಮುಗಿಬಿದ್ದು ನೋಡಿದರು.

ಆಮೇಲೇನಾಯಿತು? ನೀರಲ್ಲಿ ಬಹುಕಾಲ ನೆನೆದ ಮರದ ಒಳಗೆ ಸವೆದ ಜಾಗವನ್ನೆಲ್ಲ ನೀರೇ ತುಂಬಿ ಹಿಡಿದಿರುತ್ತದೆ. ಒಣಗುತ್ತ ಬಂದಂತೆ ಆ ಆಸರೆ ತಪ್ಪುತ್ತದೆ. ಮರ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಕೊಳೆಯುತ್ತದೆ. ಅದನ್ನು ತಡೆಯಲು ಬೇಕಾದಷ್ಟು ಹಣ ಆ ಮುಳುಗುಗಾರನಲ್ಲಿರಲಿಲ್ಲ. ನೂರು ವರ್ಷ ನೀರಲ್ಲಿ ಉಳಿದದ್ದು ಗಾಳಿಯಲ್ಲಿ ಇಪ್ಪತ್ತೈದು ವರ್ಷ ಉಳಿಯಲಿಲ್ಲ. 1994ರಲ್ಲಿ ಅದನ್ನು ಒಡೆದು ಹಾಕಿದರು.

ಇದಕ್ಕೆ ‘ಎಲ್ಲವೂ ಅನಿತ್ಯ, ಏನು ಮಾಡಲಾದೀತು’ ಎನ್ನಬಹುದೇ? ಸ್ವೀಡನ್ನಿನ ವಾಸಾ ಎಂಬ ಹಡಗನ್ನು ನೋಡಿ. 1628ರಲ್ಲಿ ಮುಳುಗಿದ್ದು, 1961ರಲ್ಲಿ ಎತ್ತಿದ್ದು. ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ರಾಸಾಯನಿಕವನ್ನು ಇಳಿಸಲು 17 ವರ್ಷ ಸಿಂಪಡಿಸಿದರು. ಅದು ಇಂದಿಗೂ ನಿಂತಿದೆ. ಅದೂ ಅನಿತ್ಯವೇ. ಆದರೆ ಕಾರಣಗಳು ಬೇರೆಯಾದರೆ ಫಲವೂ ಬೇರೆ. ಇದೇ ಪ್ರತೀತ್ಯ ಸಮುತ್ಪಾದ. ಅನಿತ್ಯ ಎಂಬುದು ಕೈಕಟ್ಟಿ ಕೂರಲು ಸಿಕ್ಕ ನೆಪವಲ್ಲ.

ಭಗವಾನ್ ಬುದ್ಧರು ಹೇಳಿದ ಸಮ್ಯಕ್ ವ್ಯಾಯಾಮಕ್ಕೆ ನಾಲ್ಕು ಮುಖ. ಹುಟ್ಟದ ಕೇಡನ್ನು ತಡೆಯುವುದು, ಹುಟ್ಟಿದ ಕೇಡನ್ನು ಬಿಡುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಹುಟ್ಟಿದ ಒಳಿತನ್ನು ಕಾಯುವುದು. ಈ ಕೊನೆಯದಕ್ಕೆ ಪಾಲಿಯಲ್ಲಿ ‘ಅನುರಕ್ಖಣ’ ಎಂಬ ಮಾತಿದೆ. ನಾವು ಹೆಚ್ಚಾಗಿ ಮರೆಯುವುದು ಇದನ್ನೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರನ್ನು ಮೇಲೆತ್ತಿದರು. ಡಿಸೆಂಬರ್ 6ರಂದು ಅವರು ನಮ್ಮನ್ನು ಅಗಲಿದರು. ನಡುವೆ ಇದ್ದದ್ದು ಎರಡು ತಿಂಗಳೂ ಅಲ್ಲ. ಎತ್ತುವ ಕೆಲಸ ಅವರದಾಯಿತು, ಕಾಯುವ ಕೆಲಸ ನಮ್ಮ ಪಾಲಿಗೆ ಬಂತು.

ದೀಕ್ಷೆಯ ದಿನ ಮನೆಯ ಹಳೆಯ ದೇವರ ಪಟಗಳನ್ನು ಇಳಿಸುತ್ತೇವೆ, ಹರಕೆ ಬಿಡುತ್ತೇವೆ. ಒಳ್ಳೆಯದೇ. ಆದರೆ ಬರಿದಾದ ಆ ಜಾಗಕ್ಕೆ ಏನು ತುಂಬಿದೆವು? ಏನೂ ತುಂಬದಿದ್ದರೆ ಮನೆಯಲ್ಲಿ ಕಾಯಿಲೆಯೋ ಸಾವೋ ಬಂದ ದಿನ, ಮಗಳ ಮದುವೆಗೆ ಬೀಗರು ಮುಹೂರ್ತ ಕೇಳಿದ ದಿನ, ಬಿರುಕು ಕಾಣಿಸುತ್ತದೆ. ಆಗ ಆ ಮನೆಯವರನ್ನು ದೂರಿ ಫಲವಿಲ್ಲ. ಹಡಗು ಎತ್ತಿದವನಿಗೂ ಪ್ರೀತಿ ಕಡಿಮೆಯಿರಲಿಲ್ಲ. ಒಬ್ಬನಿಂದ ಆಗದ ಕೆಲಸವದು. ಸಂಘ ಇರುವುದೇ ಅದಕ್ಕೆ.

ಜಯಂತಿಗೂ ಪೂರ್ಣಿಮೆಗೂ ಮಾತ್ರ ವಿಹಾರದ ಬೀಗ ತೆಗೆದರೆ ಸಾಲದು. ಇಂದು ಸಂಜೆ ಮಕ್ಕಳ ಜೊತೆ ಹತ್ತು ನಿಮಿಷ ಕೂತು 22 ಪ್ರತಿಜ್ಞೆಗಳಲ್ಲಿ ಒಂದನ್ನು ಓದಿ, ಅದರ ಅರ್ಥ ಮಾತಾಡಿ. ದೀಕ್ಷೆ ಪಡೆದು ಈಚೆಗೆ ಕಾಣದ ಒಂದು ಮನೆಗೆ ಹೋಗಿ ಬನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.